ಹಳೆಯ ಎಲೆಕ್ಟ್ರೋ-ಅಕೂಸ್ಟಿಕ್ ಗಿಟಾರಿನ ದೋಷ ಹುಡುಕುವ ಕ್ರಮ

ಅಟ್ಟದ ಮೇಲೋ ಮಂಚದ ಕೆಳಗೋ ವರ್ಷಗಟ್ಟಲೆ ಬಿದ್ದಿದ್ದ ಗಿಟಾರನ್ನು ಹೊರತೆಗೆದು ಕೇಬಲ್ ಸಿಕ್ಕಿಸಿದಾಗ ಸದ್ದು ಬಾರದಿದ್ದರೆ ಎಲ್ಲರೂ ಹೇಳುವ ಮೊದಲ ಮಾತು ‘ಪಿಕಪ್ ಹೋಗಿದೆ’ ಎಂಬುದು. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗವೇ ಪಿಕಪ್. ಎರಡು ತಂತಿಗಳ ಸದ್ದು ಮಾತ್ರ ಮಂಕಾಗಿದ್ದರೂ ಅದೇ ತೀರ್ಪು. ಆ ಸಂಕೇತವನ್ನು ಬಲಪಡಿಸುವ ಪ್ರೀಆಂಪ್ ಸಮೇತ ಎಲ್ಲವನ್ನೂ ಬದಲಿಸಿ ಎಂಬ ಸಲಹೆ ಅದರ ಬೆನ್ನಿಗೇ ಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ನಿಜವಾಗಿ ಸತ್ತ ಪಿಕಪ್ ಅಪರೂಪ. ಬ್ಯಾಟರಿಯ ಕ್ಲಿಪ್, ಸಡಿಲವಾದ ಜ್ಯಾಕ್, ಸರಿಯಾಗಿ ಕೂರದ ಸ್ಯಾಡಲ್, ಈ ಮೂರರಲ್ಲೇ ಹೆಚ್ಚಿನ ದೂರುಗಳು ಮುಗಿಯುತ್ತವೆ.

ಇಲ್ಲಿ ಹೇಳುತ್ತಿರುವುದು ನಮ್ಮಲ್ಲಿ ಹೆಚ್ಚು ಕಾಣುವ ಬಗೆಯ ವಾದ್ಯದ ಬಗ್ಗೆ: ಉಕ್ಕಿನ ತಂತಿ, ಪಕ್ಕದಲ್ಲಿ ವಾಲ್ಯೂಮ್, ಬೇಸ್, ಟ್ರೆಬಲ್ ಗುಂಡಿಗಳಿರುವ ಪ್ರೀಆಂಪ್, ಅದರೊಳಗೊಂದು 9 ವೋಲ್ಟ್ ಬ್ಯಾಟರಿ, ಬೆಲ್ಟ್ ಸಿಕ್ಕಿಸುವ ತುದಿಯಲ್ಲಿ ಕೇಬಲ್ ಸೇರುವ ಜ್ಯಾಕ್, ತಂತಿಗಳ ಕೆಳತುದಿಯನ್ನು ಹಿಡಿದಿರುವ ಮರದ ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿಯಾದ ಸ್ಯಾಡಲ್‌ನ ಅಡಿಯಲ್ಲಿ ಪಿಯೆಜೋ ಪಿಕಪ್. ಸ್ಯಾಡಲ್‌ನಲ್ಲಿ ಪಿಯೆಜೋ ಕೂರಿಸುವ ಈ ಪದ್ಧತಿಯನ್ನು 1970ರ ಸುಮಾರಿಗೆ ಮಾರುಕಟ್ಟೆಗೆ ತಂದು ಜನಪ್ರಿಯಗೊಳಿಸಿದ್ದು ಅಮೆರಿಕದ ಒವೇಷನ್ ಕಂಪನಿ. ಅದನ್ನು ಕಟ್ಟಿದ ಚಾರ್ಲ್ಸ್ ಕಾಮನ್ ಹೆಲಿಕಾಪ್ಟರ್ ತಯಾರಿಸುತ್ತಿದ್ದ ಎಂಜಿನಿಯರ್. ಕಂಪನದ ಲೆಕ್ಕಾಚಾರ ಅವರ ದಿನನಿತ್ಯದ ಕೆಲಸವಾಗಿತ್ತು.

ಪಿಯೆಜೋ ಹರಳು ಒತ್ತಡಕ್ಕೆ ಸ್ಪಂದಿಸುತ್ತದೆ. ತಂತಿ ಕಂಪಿಸಿದಾಗ ಸ್ಯಾಡಲ್ ಕೆಳಕ್ಕೆ ಒತ್ತುವ ಬಲ ಏರಿಳಿಯುತ್ತದೆ, ಆ ಏರಿಳಿತವೇ ವಿದ್ಯುತ್ ಸಂಕೇತವಾಗುತ್ತದೆ. ಹಾಗಾಗಿ ಸ್ಯಾಡಲ್ ಎಂಬುದು ಮರಗೆಲಸಕ್ಕೂ ವಿದ್ಯುತ್ ಕೆಲಸಕ್ಕೂ ಸೇರಿದ ಭಾಗ. ಬ್ರಿಡ್ಜ್ ಎದ್ದರೆ, ಬೆರಳೊತ್ತುವ ಉದ್ದನೆಯ ಹಿಡಿಯಾದ ನೆಕ್‌ನ ಕೋನ ಕುಸಿದರೆ, ಯಾರೋ ಸ್ಯಾಡಲ್ ಅನ್ನು ಓರೆಯಾಗಿ ಉಜ್ಜಿದ್ದರೆ ಆ ದೋಷ ಆಂಪ್ಲಿಫೈಯರಿನಲ್ಲೂ ಕೇಳಿಸುತ್ತದೆ. ಮರದ ಪರೀಕ್ಷೆ ಮುಗಿಯುವ ಮುನ್ನ ಪಿಕಪ್ ಬಗ್ಗೆ ತೀರ್ಪು ಕೊಡಬೇಡಿ.

ಮೊದಲು ಕಣ್ಣು ಮತ್ತು ಅಳತೆಪಟ್ಟಿ

ಎಲ್ಲಕ್ಕಿಂತ ಮೊದಲು ಹಳೆಯ ಬ್ಯಾಟರಿಯನ್ನು ಹೊರತೆಗೆಯಿರಿ. ಅದು ಸೋರಿದ್ದರೆ ಒಳಗಿನ ಲೋಹವನ್ನು ಪ್ರತಿದಿನವೂ ತಿನ್ನುತ್ತಿರುತ್ತದೆ.

ಆಮೇಲೆ ಬ್ರಿಡ್ಜ್. ತೆಳುವಾದ ಕಾಗದದ ಚೂರನ್ನು ಬ್ರಿಡ್ಜ್‌ನ ಹಿಂಬದಿಯ ಅಂಚಿನಡಿ ತೂರಿಸಿ ನೋಡಿ. ಒಂದೆರಡು ಮಿಲಿಮೀಟರ್ ಒಳಗೆ ಹೋಗಿ ನಿಂತರೆ ಹೆದರಬೇಕಿಲ್ಲ. ಎಷ್ಟೋ ಗಿಟಾರುಗಳಲ್ಲಿ ಅಂಚಿನಡಿ ಪಾಲಿಶ್ ಇರುವುದರಿಂದ ಅಲ್ಲಿ ಅಂಟು ಹಿಡಿದಿರುವುದೇ ಇಲ್ಲ. ಐದಾರು ಮಿಲಿಮೀಟರ್ ಹೋದರೆ ಬ್ರಿಡ್ಜ್ ಏಳುತ್ತಿದೆ ಎಂದೇ ಅರ್ಥ. ಸಾಮಾನ್ಯ ಲೈಟ್ ಗೇಜ್ (ತೆಳು ಬಗೆಯ) ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋಗ್ರಾಂ. ಅಷ್ಟು ಬಲವನ್ನು ಹಗಲೂ ರಾತ್ರಿ ಹೊತ್ತಿರುವುದು ಆ ಅಂಟು ಒಂದೇ. ತಂತಿಗಳನ್ನು ಕೂಡಲೇ ಸಡಿಲಿಸಿ, ಮುಂದಿನ ಪರೀಕ್ಷೆಗಳನ್ನು ಬ್ರಿಡ್ಜ್ ಸರಿಯಾದ ಮೇಲೆ ಮಾಡಿ.

ಬ್ರಿಡ್ಜ್ ಅಂಟಿಸುವ ಕೆಲಸದಲ್ಲಿ ನಮ್ಮಲ್ಲಿ ನಡೆಯುವ ಎರಡು ತಪ್ಪುಗಳನ್ನು ಹೇಳಲೇಬೇಕು. ಒಂದು, ಸಂದಿಗೆ ತಕ್ಷಣ ಹಿಡಿಯುವ ಅಂಟನ್ನು ಸುರಿಯುವುದು. ಅದು ಪಾಲಿಶ್ ಅನ್ನು ಹಾಳುಮಾಡುತ್ತದೆ, ಮುಂದೆ ಸರಿಯಾಗಿ ಅಂಟಿಸಬೇಕಾದ ಮೇಲ್ಮೈಯನ್ನೂ ಕೆಡಿಸುತ್ತದೆ. ಎರಡು, ಪೀಠೋಪಕರಣದ ಬಿಳಿ ಅಂಟು. ಕುರ್ಚಿಗೆ ಅದು ಚೆನ್ನಾಗಿದೆ, ಆದರೆ ಬಿಡುವಿಲ್ಲದ ಎಳೆತ ಮತ್ತು ಸೆಖೆಯಲ್ಲಿ ಅದು ಮೆಲ್ಲಗೆ ಜಾರುತ್ತದೆ. ಬೇಕಾಗಿರುವುದು ವಾದ್ಯಗಳಿಗೆ ಬಳಸುವ ಹಳದಿ ಮರದ ಅಂಟು ಅಥವಾ ಪ್ರಾಣಿಜನ್ಯ ಬಿಸಿ ಅಂಟು. ಬ್ರಿಡ್ಜ್ ಅನ್ನು ಬಿಸಿಮಾಡಿ, ತೆಳು ಅಲಗಿನಿಂದ ಪೂರ್ತಿ ಬಿಡಿಸಿ, ಹಳೆಯ ಅಂಟನ್ನು ಕೆರೆದು ತೆಗೆದು, ಕ್ಲ್ಯಾಂಪ್ ಹಾಕಿ ಒಂದು ಇಡೀ ದಿನ ಬಿಡಬೇಕು. ಬ್ರಿಡ್ಜ್ ಬೀಟೆ (ರೋಸ್‌ವುಡ್) ಮರದ್ದಾಗಿದ್ದರೆ ಅದರಲ್ಲಿ ಎಣ್ಣೆಯ ಅಂಶವಿರುತ್ತದೆ, ಆದ್ದರಿಂದ ಅಂಟು ಹಚ್ಚುವ ಸ್ವಲ್ಪ ಮೊದಲು ಮೇಲ್ಮೈಯನ್ನು ಹೊಸದಾಗಿ ಕೆರೆದುಕೊಳ್ಳಿ. ನಮ್ಮ ಪಶ್ಚಿಮಘಟ್ಟದ ಈ ಬೀಟೆ ಜಗತ್ತಿನ ಗಿಟಾರುಗಳಿಗೆ ಬೇಕಾದ ಮರವಾಗಿದ್ದು ಬ್ರೆಜಿಲ್‌ನ ರೋಸ್‌ವುಡ್ ದಿಮ್ಮಿಗಳು ಸಿಗದಂತಾದ ಮೇಲೆ. ಅಮೆರಿಕದ ಗಿಟಾರ್ ತಯಾರಕ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ಇಲ್ಲಿಂದ ಹೋದ ಮರವೇ ಹಳೆಯ ವಾದ್ಯವಾಗಿ ನಿಮ್ಮ ಕೈಗೆ ಮರಳಿರಬಹುದು.

ಬ್ರಿಡ್ಜ್ ಗಟ್ಟಿಯಾಗಿದ್ದರೆ ಮೇಲ್ಹಲಗೆಯ ಉಬ್ಬನ್ನು ನೋಡಿ. ಬ್ರಿಡ್ಜ್‌ನ ಹಿಂದೆ ಉಕ್ಕಿನ ಅಳತೆಪಟ್ಟಿಯನ್ನು ಅಡ್ಡ ಇಟ್ಟರೆ ಸ್ವಲ್ಪ ಉಬ್ಬು ಕಾಣುವುದು ಸಹಜ. ಉಬ್ಬು ಅತಿಯಾಗಿದ್ದು, ಬ್ರಿಡ್ಜ್‌ನ ಮುಂಭಾಗ ತಗ್ಗಿದ್ದರೆ ಹಲಗೆಗೆ ಆಸರೆಯಾದ ಒಳಗಿನ ಪಟ್ಟಿಗಳು ಬಿಟ್ಟಿವೆಯೇ ನೋಡಬೇಕು. ಬೆರಳ ಗಿಣ್ಣಿನಿಂದ ಹಲಗೆಯನ್ನು ಅಲ್ಲಲ್ಲಿ ತಟ್ಟಿ. ಬಿಟ್ಟ ಪಟ್ಟಿ ಝರ್ ಎನ್ನುತ್ತದೆ. ಮೊಬೈಲ್ ಕ್ಯಾಮೆರಾವನ್ನು ಸೌಂಡ್‌ಹೋಲ್ ಒಳಗೆ ಇಳಿಸಿ ಚಿತ್ರ ತೆಗೆದರೆ ಬಿರುಕು, ಕುಟ್ಟೆ ಹುಳುವಿನ ಪುಡಿ, ಜೋತುಬಿದ್ದ ವೈರ್ ಎಲ್ಲವೂ ಕಾಣುತ್ತವೆ.

ನೆಕ್: ಬಾಗು ಬೇರೆ, ಕೋನ ಬೇರೆ

‘ತಂತಿ ತುಂಬ ಮೇಲಿದೆ, ಬೆರಳು ನೋಯುತ್ತದೆ’ ಎಂಬ ದೂರಿಗೆ ಬಹಳ ಜನ ನೇರವಾಗಿ ಟ್ರಸ್ ರಾಡ್ ತಿರುಗಿಸಲು ಹೊರಡುತ್ತಾರೆ. ನೆಕ್‌ನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ಇರುವುದು ನೆಕ್‌ನ ಬಾಗನ್ನು ಹೊಂದಿಸುವುದಕ್ಕೆ. ತಂತಿಯ ಎತ್ತರ ನಿರ್ಧಾರವಾಗುವುದು ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ), ಸ್ಯಾಡಲ್ ಮತ್ತು ನೆಕ್‌ನ ಕೋನದಿಂದ.

ಬಾಗನ್ನು ಹೀಗೆ ಅಳೆಯಿರಿ. ಗಿಟಾರನ್ನು ಸರಿಯಾದ ಶ್ರುತಿಗೆ ತಂದು, ನುಡಿಸುವ ಭಂಗಿಯಲ್ಲಿ ಹಿಡಿದು, ಮೊದಲನೆಯ ಫ್ರೆಟ್‌ಗೆ (ಫ್ರೆಟ್ ಎಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ತಂತಿಗಳನ್ನು ಒತ್ತಿಹಿಡಿಯುವ ಕೇಪೋ ಹಾಕಿ, ಅತಿ ದಪ್ಪನೆಯದಾದ ಆರನೆಯ ತಂತಿಯನ್ನು ನೆಕ್ ಮತ್ತು ದೇಹ ಸೇರುವ 14ನೆಯ ಫ್ರೆಟ್‌ನಲ್ಲಿ ಒತ್ತಿ. ಈಗ ತಂತಿಯೇ ನೇರವಾದ ಅಳತೆಗೋಲು. ಆರು-ಏಳನೆಯ ಫ್ರೆಟ್‌ನಲ್ಲಿ ತಂತಿಯ ಅಡಿಯ ಸಂದಿ 0.15ರಿಂದ 0.25 ಮಿಲಿಮೀಟರ್ ಇದ್ದರೆ ಸಾಕು. ಇದನ್ನು ಅಳೆಯಲು ದುಬಾರಿ ಸಾಧನ ಬೇಕಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ಸಾಕು. ಸಂದಿ ಹೆಚ್ಚಿದ್ದರೆ ರಾಡನ್ನು ಪ್ರದಕ್ಷಿಣೆಯಾಗಿ ಕಾಲು ಸುತ್ತು ಬಿಗಿಮಾಡಿ, ಮತ್ತೆ ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ಸಂದಿಯೇ ಇಲ್ಲದಿದ್ದರೆ ಅಪ್ರದಕ್ಷಿಣೆಯಾಗಿ ಸಡಿಲಿಸಿ. ಅಲೆನ್ ಕೀ ಅಲುಗದಿದ್ದರೆ ಬಲ ಹಾಕಬೇಡಿ. ಮುರಿದ ರಾಡಿನ ದುರಸ್ತಿಗೆ ಆಗುವ ಖರ್ಚು ಅನೇಕ ಗಿಟಾರುಗಳ ಬೆಲೆಗಿಂತ ಹೆಚ್ಚು.

ಕೋನದ ಪರೀಕ್ಷೆ ಇನ್ನೂ ಮುಖ್ಯ, ಏಕೆಂದರೆ ಈ ಗಿಟಾರಿಗೆ ಹಣ ಹಾಕಬೇಕೋ ಬೇಡವೋ ಎಂಬುದನ್ನು ಅದೇ ಹೇಳುತ್ತದೆ. ಬಾಗು ಸರಿಹೋದ ಮೇಲೆ ಉದ್ದದ ನೇರ ಪಟ್ಟಿಯನ್ನು ಫ್ರೆಟ್‌ಗಳ ಮೇಲಿಟ್ಟು ಬ್ರಿಡ್ಜ್‌ನತ್ತ ಸರಿಸಿ. ಪಟ್ಟಿಯ ತುದಿ ಬ್ರಿಡ್ಜ್ ಮರದ ಮೇಲ್ತುದಿಯನ್ನು ಮುಟ್ಟಿದರೆ ಅಥವಾ ಕೂದಲೆಳೆಯಷ್ಟು ಮೇಲೆ ನಿಂತರೆ ಕೋನ ಚೆನ್ನಾಗಿದೆ. ಬ್ರಿಡ್ಜ್‌ನ ಮುಂಬದಿಯ ನಡುವಿಗೆ ಹೋಗಿ ತಾಗಿದರೆ ಕೋನ ಕುಸಿದಿದೆ. ಬೋಲ್ಟ್ ಹಾಕಿದ ನೆಕ್ ಆಗಿದ್ದರೆ ಅದನ್ನು ಬಿಚ್ಚಿ ಸರಿಪಡಿಸಬಹುದು. ಅಂಟಿಸಿದ ನೆಕ್‌ಗೆ ಹಬೆ ಹಾಯಿಸಿ ಬಿಡಿಸುವುದು ನುರಿತವರ ಕೆಲಸ, ಅಗ್ಗದ ಗಿಟಾರಿಗೆ ಅದು ಲಾಭದಾಯಕವಲ್ಲ. ಕುಸಿದ ಕೋನವನ್ನು ಮರೆಮಾಚಲು ಸ್ಯಾಡಲ್ ಅನ್ನು ಉಜ್ಜುತ್ತಾ ಹೋದರೆ ಅದು ಬ್ರಿಡ್ಜ್ ಮಟ್ಟಕ್ಕೆ ಇಳಿಯುತ್ತದೆ. ಆಗ ತಂತಿ ಸ್ಯಾಡಲ್ ಮೇಲೆ ಮಡಿಯುವ ಕೋನ ಕಡಿಮೆಯಾಗಿ, ಪಿಕಪ್ ಮೇಲಿನ ಒತ್ತಡವೂ ಇಳಿದು, ಆಂಪ್ಲಿಫೈಯರಿನಲ್ಲಿ ಸದ್ದು ಸೊರಗುತ್ತದೆ. ಹೊಸ ಪಿಕಪ್ ಹಾಕಿದರೂ ಆ ಸೊರಗು ಹೋಗದು. ಬ್ರಿಡ್ಜ್‌ನಿಂದ ಮೇಲೆ ಸ್ಯಾಡಲ್ ಕನಿಷ್ಠ ಮೂರು ಮಿಲಿಮೀಟರ್ ಕಾಣಬೇಕು ಎಂಬುದು ನಾನು ಪಾಲಿಸುವ ಮಿತಿ.

ಝರ್ ಎನ್ನುವ ತಂತಿ

ತೆರೆದ ತಂತಿ ಮಾತ್ರ ಝರ್ ಎಂದು, ಯಾವುದೇ ಫ್ರೆಟ್ ಒತ್ತಿದರೆ ಸರಿಹೋಗುವುದಾದರೆ ನಟ್‌ನಲ್ಲಿ ತಂತಿ ಕೂರುವ ಗಾಡಿ (ಸೀಳು) ಆಳವಾಗಿದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಝರ್ ಎಂದರೆ ನೆಕ್ ತೀರ ನೇರವಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ದೇಹ ಸೇರುವ ಕಡೆ ಮಾತ್ರ ಎಂದರೆ ಸ್ಯಾಡಲ್ ತಗ್ಗಿದೆ ಅಥವಾ ಆ ಭಾಗ ಉಬ್ಬಿದೆ. ಒಂದೇ ಜಾಗದಲ್ಲಿ ಝರ್ ಎಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಮೂರು ಫ್ರೆಟ್‌ಗಳ ಮೇಲೆ ಚಿಕ್ಕ ನೇರ ಪಟ್ಟಿಯಿಟ್ಟು ಅಲುಗಿಸಿದರೆ ಎದ್ದ ಫ್ರೆಟ್ ತಾನೇ ಗೊತ್ತಾಗುತ್ತದೆ. ಎಲ್ಲಿ ಒತ್ತಿದರೂ ಒಂದು ನಿರ್ದಿಷ್ಟ ಸ್ವರಕ್ಕೆ ಮಾತ್ರ ಗಲಗಲ ಎಂದರೆ ಫ್ರೆಟ್ ಬಿಟ್ಟು ಬೇರೆಡೆ ಹುಡುಕಿ: ಶ್ರುತಿ ಮಾಡುವ ಕೀಲಿಯ ಸಡಿಲ ನಟ್ಟು, ಹಲಗೆಗೆ ತಾಗುವ ವೈರ್, ಪ್ರೀಆಂಪ್‌ನ ತಿರುಪು, ಪೆಟ್ಟಿಗೆಯಲ್ಲಿ ಅಲುಗುವ ಬ್ಯಾಟರಿ.

ಕರ್ನಾಟಕದಲ್ಲಿ ಇದಕ್ಕೆ ಋತುಮಾನವೂ ಸೇರುತ್ತದೆ. ಗಿಟಾರಿನ ಮರಕ್ಕೆ ಹಿತವಾದ ತೇವಾಂಶ ಶೇಕಡ 45ರಿಂದ 55. ಮಂಗಳೂರಿನ ಜುಲೈ ಅದಕ್ಕಿಂತ ಎಷ್ಟೋ ಮೇಲೆ, ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಎಷ್ಟೋ ಕೆಳಗೆ. ಮಳೆಗಾಲದಲ್ಲಿ ಹಲಗೆ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇರುತ್ತದೆ. ಆಗ ಸ್ಯಾಡಲ್ ಉಜ್ಜಿದರೆ ಫೆಬ್ರುವರಿಯಲ್ಲಿ ಹಲಗೆ ಇಳಿದಾಗ ಎಲ್ಲ ಫ್ರೆಟ್‌ಗಳೂ ಝರ್ ಎನ್ನುತ್ತವೆ. ಕರಾವಳಿ ಮತ್ತು ಮಲೆನಾಡಿನವರಿಗೆ ನನ್ನ ಸಲಹೆ ಎರಡು ಸ್ಯಾಡಲ್ ಇಟ್ಟುಕೊಳ್ಳಿ ಎಂಬುದು: ಮಳೆಗಾಲಕ್ಕೆ ತಗ್ಗಿನದು, ಬೇಸಿಗೆಗೆ ಎತ್ತರದ್ದು. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲವೊಂದು, ಚಿಕ್ಕ ತೇವಾಂಶ ಮಾಪಕವೊಂದು ಇರಲಿ. ಫಿಂಗರ್‌ಬೋರ್ಡ್‌ಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯನ್ನೂ ಬಿಡಬೇಕು. ಅದು ಕಮಟಾಗಿ, ಧೂಳು ಹಿಡಿದು, ಬೂಷ್ಟಿಗೆ ದಾರಿ ಮಾಡುತ್ತದೆ.

ಸದ್ದೇ ಇಲ್ಲ

ಮೊದಲು ಕೇಬಲ್ ಮತ್ತು ಆಂಪ್ಲಿಫೈಯರನ್ನು ಬೇರೊಂದು ವಾದ್ಯದಿಂದ ಪರೀಕ್ಷಿಸಿ. ಅವು ಸರಿಯಿದ್ದರೆ ಹೊಸ ಬ್ಯಾಟರಿ ಹಾಕಿ. ಹೊಸ ಆಲ್ಕಲೈನ್ ಬ್ಯಾಟರಿ 9.5 ವೋಲ್ಟ್ ಆಸುಪಾಸಿನಲ್ಲಿ ತೋರಿಸುತ್ತದೆ. ಕೇಬಲ್ ಸಿಕ್ಕಿಸಿದ ಸ್ಥಿತಿಯಲ್ಲೇ ಅಳೆಯಿರಿ, ಏಕೆಂದರೆ ಸುಸ್ತಾದ ಬ್ಯಾಟರಿ ಸುಮ್ಮನಿದ್ದಾಗ 8 ವೋಲ್ಟ್ ತೋರಿಸಿ, ಕೆಲಸಕ್ಕೆ ಹಚ್ಚಿದೊಡನೆ ಕುಸಿಯಬಹುದು. ಕ್ಲಿಪ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಆಲ್ಕಲೈನ್ ಸೋರಿಕೆಗೆ ವಿನೆಗರ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ನಂತರ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಶುಚಿಮಾಡಿ ಪೂರ್ತಿ ಒಣಗಿಸಿ.

ಪ್ರೀಆಂಪ್‌ನಲ್ಲಿ ಶ್ರುತಿ ತೋರಿಸುವ ಟ್ಯೂನರ್ ಇದ್ದರೆ ಅದು ಅಮೂಲ್ಯ ಸಾಕ್ಷಿ. ಟ್ಯೂನರ್ ದೀಪವೇ ಹತ್ತದಿದ್ದರೆ ದೋಷ ಬ್ಯಾಟರಿಯ ಕಡೆ. ದೀಪ ಹತ್ತಿ ತಂತಿಯ ಸ್ವರ ತೋರಿಸದಿದ್ದರೆ ಪಿಕಪ್‌ನ ಕಡೆ. ಸ್ವರವನ್ನು ಸರಿಯಾಗಿ ತೋರಿಸಿಯೂ ಆಂಪ್ಲಿಫೈಯರಿನಲ್ಲಿ ಸದ್ದಿಲ್ಲದಿದ್ದರೆ ಪಿಕಪ್ ಜೀವಂತವಾಗಿದೆ, ದೋಷ ಪ್ರೀಆಂಪ್‌ನಿಂದ ಜ್ಯಾಕ್‌ವರೆಗಿನ ಹಾದಿಯಲ್ಲಿದೆ. ಅನೇಕ ಮಾದರಿಗಳಲ್ಲಿ ಟ್ಯೂನರ್ ಚಾಲೂ ಇರುವಾಗ ಹೊರಗಿನ ಸದ್ದು ತಾನಾಗಿಯೇ ಬಂದ್ ಆಗುತ್ತದೆ. ಅದನ್ನು ಆರಿಸಿ ನೋಡದೆ ಪೇಚಕಸ್ ಕೈಗೆತ್ತಿಕೊಳ್ಳಬೇಡಿ.

ಜ್ಯಾಕ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅತಿ ಹೆಚ್ಚು ದೋಷ ಇಲ್ಲಿಯೇ. ಅದರಲ್ಲಿ ಮೂರು ಸಂಪರ್ಕಗಳಿವೆ: ತುದಿಯಲ್ಲಿ ಸಂಕೇತ, ನಡುವಿನ ಉಂಗುರದಲ್ಲಿ ಬ್ಯಾಟರಿಯ ಋಣ ವೈರ್, ಬುಡದಲ್ಲಿ ಗ್ರೌಂಡ್. ಸಾಮಾನ್ಯ ಮೋನೋ ಪ್ಲಗ್ ಒಳಹೊಕ್ಕಾಗ ಅದರ ಲೋಹ ಉಂಗುರವನ್ನೂ ಬುಡವನ್ನೂ ಬೆಸೆದು ಪ್ರೀಆಂಪ್‌ಗೆ ವಿದ್ಯುತ್ ಹರಿಸುತ್ತದೆ. ಬೇರೆ ಸ್ವಿಚ್ಚೇ ಇಲ್ಲ. ಹಾಗಾಗಿ ಕೇಬಲ್ ಸಿಕ್ಕಿಸಿಟ್ಟರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ: 2 ಮಿಲಿಆಂಪಿಯರ್ ಎಳೆಯುವ ಪ್ರೀಆಂಪ್ 500 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯನ್ನು 250 ಗಂಟೆಗಳಲ್ಲಿ, ಅಂದರೆ ಸುಮಾರು ಹತ್ತು ದಿನಗಳಲ್ಲಿ ಮುಗಿಸುತ್ತದೆ. ಕೇಬಲ್ ತೆಗೆದಿಟ್ಟರೂ ಬ್ಯಾಟರಿ ನಿಲ್ಲದಿದ್ದರೆ ಯಾರೋ ಮೊದಲು ಅಲ್ಲಿ ಮೋನೋ ಜ್ಯಾಕ್ ಹಾಕಿ ವೈರ್‌ಗಳನ್ನು ಒಟ್ಟಿಗೆ ಬೆಸೆದಿರುವ ಸಾಧ್ಯತೆ ಹೆಚ್ಚು.

ಇನ್ನೊಂದು ಸಾಮಾನ್ಯ ಕಥೆ: ಜ್ಯಾಕ್‌ನ ಹೊರಗಿನ ನಟ್ಟು ಸಡಿಲವಾಗುತ್ತದೆ. ಪ್ರತಿ ಬಾರಿ ಕೇಬಲ್ ತಿರುವಿದಾಗ ಒಳಗೆ ಇಡೀ ಜ್ಯಾಕ್ ಸುತ್ತುತ್ತದೆ, ವೈರ್‌ಗಳು ತಿರುಚಿಕೊಂಡು ಬೆಸುಗೆ ಬಿಡುತ್ತದೆ. ಅಲುಗಿಸಿದಾಗ ಸದ್ದು ಬಂದು ಹೋಗುವುದು ಇದರ ಗುರುತು. ಬಿಟ್ಟ ಬೆಸುಗೆಯನ್ನು ಹೊಸದಾಗಿ ಹಾಕಿ. ಬಿಗಿಮಾಡುವಾಗ ಜ್ಯಾಕ್‌ನ ಕೊಳವೆಯಲ್ಲಿ ಅಡ್ಡ ತೂತಿದ್ದರೆ ಅದಕ್ಕೆ ತೆಳು ಮೊಳೆ ಸಿಕ್ಕಿಸಿ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಿ.

ಒಂದೆರಡು ತಂತಿ ಮಾತ್ರ ಮಂಕು

ಕೇಬಲ್ ಇಲ್ಲದೆ ಕೇಳಿದಾಗ ಆರೂ ತಂತಿಗಳು ಸಮವಾಗಿದ್ದು, ಆಂಪ್ಲಿಫೈಯರಿನಲ್ಲಿ ಒಂದೆರಡು ಕ್ಷೀಣಿಸಿದರೆ ದೋಷ ಸ್ಯಾಡಲ್ ಮತ್ತು ಪಿಕಪ್ ಸೇರುವ ಜಾಗದಲ್ಲಿದೆ. ಇದನ್ನು ಖಚಿತಪಡಿಸುವ ಪರೀಕ್ಷೆ ಸರಳ. ತಂತಿಗಳನ್ನು ಸಡಿಲಿಸಿ, ಅವನ್ನು ಬ್ರಿಡ್ಜ್‌ನಲ್ಲಿ ಹಿಡಿದಿಡುವ ಪಿನ್ ತೆಗೆದು, ಸ್ಯಾಡಲ್ ಅನ್ನು ಎತ್ತಿ ಪಕ್ಕಕ್ಕಿಡಿ. ಆಂಪ್ಲಿಫೈಯರನ್ನು ತೀರ ಕಡಿಮೆ ಇಟ್ಟು, ಸ್ಯಾಡಲ್ ಕೂರುವ ಗಾಡಿಯಲ್ಲಿ ಕಾಣುವ ಪಿಕಪ್ ಪಟ್ಟಿಯನ್ನು ಪೆನ್ಸಿಲ್‌ನ ರಬ್ಬರ್ ತುದಿಯಿಂದ ಆರೂ ತಂತಿಗಳ ಜಾಗದಲ್ಲಿ ಮೃದುವಾಗಿ ತಟ್ಟಿ. ಎಲ್ಲೆಡೆಯೂ ಒಂದೇ ಪ್ರಮಾಣದ ಟಕ್ ಕೇಳಿದರೆ ಪಿಕಪ್ ಆರೋಗ್ಯವಾಗಿದೆ. ಹಣ ಖರ್ಚುಮಾಡುವ ಯೋಚನೆಯನ್ನು ಅಲ್ಲಿಗೇ ಬಿಡಿ. ಒಂದು ಕಡೆ ಪೂರ್ತಿ ನಿಶ್ಶಬ್ದವಾದರೆ ಆ ಹರಳು ಸತ್ತಿದೆ, ಪಟ್ಟಿ ಬದಲಿಸಬೇಕು. ಅಂಥ ಸಂದರ್ಭದಲ್ಲೂ ಪ್ರೀಆಂಪ್ ಉಳಿಸಿಕೊಂಡು ಪಟ್ಟಿಯನ್ನಷ್ಟೇ ಬದಲಿಸಬಹುದು.

ಪಿಕಪ್ ಸರಿಯಿದ್ದರೆ ಗಾಡಿಯನ್ನು ನೋಡಿ. ಹಳೆಯ ಮರದ ಪುಡಿ, ಒಣಗಿದ ಅಂಟಿನ ಹನಿ, ಎತ್ತರಿಸಲು ಯಾರೋ ಮಡಚಿಟ್ಟ ಬಸ್ ಟಿಕೆಟ್ ಇವೆಲ್ಲ ಅಲ್ಲಿ ಸಿಗುತ್ತವೆ. ಸ್ಯಾಡಲ್ ಮತ್ತು ಪಿಕಪ್ ನಡುವೆ ಕಾಗದ ಇರಲೇಬಾರದು, ಅದು ಕಂಪನವನ್ನು ನುಂಗುತ್ತದೆ. ಎತ್ತರಿಸಲೇಬೇಕಿದ್ದರೆ ಗಟ್ಟಿ ಮರದ ತೆಳು ಪಟ್ಟಿಯನ್ನು ಗಾಡಿಯ ಉದ್ದಕ್ಕೂ ಪಿಕಪ್‌ನ ಕೆಳಗೆ ಇಡಿ. ಪಿಕಪ್‌ನ ವೈರ್ ಕೆಳಗಿಳಿಯುವ ತೂತಿನ ಅಂಚನ್ನೂ ಮುಟ್ಟಿ ನೋಡಿ. ಆ ಅಂಚು ಚೂಪಾಗಿದ್ದರೆ ವೈರ್ ಅಲ್ಲಿ ಸರಾಗವಾಗಿ ಬಾಗದೆ ಪಟ್ಟಿಯ ತುದಿಯನ್ನು ಮೇಲೆತ್ತುತ್ತದೆ. ತುದಿಯ ತಂತಿ ಅಬ್ಬರಿಸಿ ಪಕ್ಕದ್ದು ಸೊರಗುತ್ತದೆ. ಸೂಜಿ ಅರದಿಂದ ಅಂಚನ್ನು ಇಳಿಜಾರು ಮಾಡಿದರೆ ಸಾಕು.

ಉಳಿದದ್ದು ಸ್ಯಾಡಲ್‌ನ ತಳ. ಕನ್ನಡಿಯ ತುಂಡಿನ ಮೇಲೆ 320 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ. ಸ್ಯಾಡಲ್‌ನ ತಳಕ್ಕೆ ಪೆನ್ಸಿಲ್‌ನಿಂದ ಗೆರೆಗಳನ್ನು ಎಳೆದು, ನೆಟ್ಟಗೆ ಹಿಡಿದು ನಾಲ್ಕೈದು ಸಲ ಸವರಿ. ಗೆರೆ ಅಳಿಯದೆ ಉಳಿದ ಜಾಗವೇ ತಗ್ಗು; ಅಲ್ಲಿ ಪಿಕಪ್ ಮೇಲೆ ಒತ್ತಡ ಬೀಳುತ್ತಿಲ್ಲ. ಎಲ್ಲ ಗೆರೆಗಳೂ ಒಟ್ಟಿಗೆ ಅಳಿಯುವವರೆಗೆ ಉಜ್ಜಿ. ಕೈ ಓರೆಯಾದರೆ ತಳ ದುಂಡಗಾಗುತ್ತದೆ, ಆದ್ದರಿಂದ ಚೌಕದ ಮರದ ತುಂಡಿಗೆ ಒತ್ತಿ ಹಿಡಿಯುವುದು ಒಳ್ಳೆಯದು. ಸ್ಯಾಡಲ್ ಗಾಡಿಯಲ್ಲಿ ಬೆರಳಿನ ಬಲಕ್ಕೆ ಇಳಿಯಬೇಕು, ಬೆರಳಿನ ಬಲಕ್ಕೇ ಏಳಬೇಕು. ಬಿಗಿಯಾದರೆ ಅದು ಪಕ್ಕದ ಗೋಡೆಗಳಲ್ಲೇ ಸಿಕ್ಕಿಕೊಂಡು ತಳಕ್ಕೆ ಭಾರ ಮುಟ್ಟಿಸದು. ಸಡಿಲವಾದರೆ ತಂತಿಯ ಎಳೆತಕ್ಕೆ ಮುಂದಕ್ಕೆ ವಾಲಿ, ತಳದ ಒಂದು ಅಂಚು ಮಾತ್ರ ಪಿಕಪ್ ಮೇಲೆ ಕೂರುತ್ತದೆ. ತೀರ ಸಡಿಲವಿದ್ದರೆ ದಪ್ಪನೆಯ ಮೂಳೆಯ ತುಂಡು ತಂದು ಹೊಸ ಸ್ಯಾಡಲ್ ಮಾಡಿ. ಇಡೀ ದುರಸ್ತಿಯಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದು, ಇದಕ್ಕೆ ಅವಸರ ಸಲ್ಲದು.

ಗುಂಯ್ ಸದ್ದು, ಕರಕರ, ತೆಳು ಸದ್ದು

ಗುಂಯ್ ಸದ್ದಿದ್ದರೆ ಬ್ಯಾಟರಿಯಿಂದ ನಡೆಯುವ ಪುಟ್ಟ ಆಂಪ್ಲಿಫೈಯರಿಗೆ ಜೋಡಿಸಿ ನೋಡಿ. ಅಲ್ಲಿ ಸದ್ದು ಹೋದರೆ ದೋಷ ಹೆಚ್ಚಾಗಿ ಕಟ್ಟಡದ ಅರ್ಥಿಂಗ್‌ನದು. ಸಭಾಭವನಗಳಲ್ಲಿ ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿರುವುದು ಸಾಮಾನ್ಯ, ಅದನ್ನು ತೆಗೆಸಿ. ಗುಂಯ್ ತಪ್ಪಿಸಲು ಅರ್ಥ್ ಪಿನ್ ಬಿಚ್ಚುವುದು ಜೀವಕ್ಕೆ ಅಪಾಯ. ಜ್ಯಾಕ್‌ನ ಲೋಹ ಮುಟ್ಟಿದಾಗ ಗುಂಯ್ ಇಳಿದರೆ ಗಿಟಾರಿನೊಳಗಿನ ಗ್ರೌಂಡ್ ಅಥವಾ ಪಿಕಪ್ ವೈರಿನ ಹೊರಜಾಲರಿ ಎಲ್ಲೋ ಬಿಟ್ಟಿದೆ. ಗುಂಡಿ ಸರಿಸಿದಾಗ ಮಾತ್ರ ಕರಕರ ಎಂದರೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಸಿಂಪಡಿಸಿ ಹಲವು ಬಾರಿ ಹಿಂದೆ ಮುಂದೆ ಆಡಿಸಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಇಲ್ಲಿಗೆ ಬೇಡ.

ಸದ್ದು ತೆಳುವಾಗಿ, ಬೇಸ್ ಇಲ್ಲದೆ ಬಂದರೆ ಲೆಕ್ಕವೇ ಕಾರಣ ಹೇಳುತ್ತದೆ. ಪಿಯೆಜೋ ಪಟ್ಟಿ ಒಂದು ಪುಟ್ಟ ಕೆಪಾಸಿಟರ್. ಅದರ ಮೌಲ್ಯ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಂಡರೆ, 10 ಮೆಗಾಓಮ್ ರೋಧವಿರುವ ಇನ್‌ಪುಟ್‌ಗೆ ಜೋಡಿಸಿದಾಗ 16 ಹರ್ಟ್ಜ್‌ಗಿಂತ ಕೆಳಗಿನದು ಮಾತ್ರ ಕಡಿತವಾಗುತ್ತದೆ. 1 ಮೆಗಾಓಮ್‌ಗೆ ಜೋಡಿಸಿದರೆ ಕಡಿತ 160 ಹರ್ಟ್ಜ್‌ನಿಂದಲೇ ಶುರು. ಆರನೆಯ ತಂತಿಯ ಮೂಲಸ್ವರ 82 ಹರ್ಟ್ಜ್. ಪ್ರೀಆಂಪ್ ಕೆಟ್ಟಿತೆಂದು ಪಿಕಪ್ ಅನ್ನು ನೇರವಾಗಿ ಜ್ಯಾಕ್‌ಗೆ ಬೆಸೆದು 10 ಕಿಲೋಓಮ್‌ನ ಮಿಕ್ಸರ್‌ಗೆ ಕೊಟ್ಟರೆ 16,000 ಹರ್ಟ್ಜ್‌ನ ಕೆಳಗಿನದೆಲ್ಲ ಕ್ಷೀಣಿಸಿ, ಸೊಳ್ಳೆಯ ಸದ್ದೊಂದೇ ಉಳಿಯುತ್ತದೆ. ಪ್ರೀಆಂಪ್ ಸರಿಯಿದ್ದೂ ಮಳೆಗಾಲದಲ್ಲಿ ಮಾತ್ರ ಹೀಗಾದರೆ ಪಿಕಪ್‌ನ ವೈರನ್ನು ಪ್ರೀಆಂಪ್‌ನಿಂದ ಬಿಡಿಸಿ ಮಲ್ಟಿಮೀಟರಿನ 20 ಮೆಗಾಓಮ್ ಶ್ರೇಣಿಯಲ್ಲಿ ಅಳೆಯಿರಿ. ಸಂಪರ್ಕವೇ ಇಲ್ಲ ಎಂದು ತೋರಿಸಬೇಕು. ಏನಾದರೂ ಸಂಖ್ಯೆ ಬಂದರೆ ತೇವ ಸೋರಿಕೆಯ ದಾರಿ ಮಾಡಿದೆ. ಸಿಲಿಕಾ ಜೆಲ್ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟು ಮತ್ತೆ ಅಳೆಯಿರಿ, ಬಿಸಿಗಾಳಿ ಊದಬೇಡಿ.

ಕೊನೆಯ ಹೊಂದಾಣಿಕೆ

ಹೊಸ ತಂತಿ ಹಾಕಿದ ಮೇಲೆ ನಟ್ ನೋಡಿ: ತಂತಿಯನ್ನು ಎರಡು ಮತ್ತು ಮೂರನೆಯ ಫ್ರೆಟ್ ನಡುವೆ ಒತ್ತಿದಾಗ ಮೊದಲ ಫ್ರೆಟ್ ಮೇಲೆ ಬೆಳಕಿನ ಒಂದು ಎಳೆ ಕಾಣಬೇಕು. 12ನೆಯ ಫ್ರೆಟ್‌ನಲ್ಲಿ ಆರನೆಯ ತಂತಿ 2.4 ಮಿಲಿಮೀಟರ್, ಒಂದನೆಯದು 1.8 ಮಿಲಿಮೀಟರ್ ಎತ್ತರ ಇರಲಿ. ಆ ಫ್ರೆಟ್ ತಂತಿಯ ನಟ್ಟನಡುವೆ ಇರುವುದರಿಂದ ಅಲ್ಲಿ ಅರ್ಧ ಮಿಲಿಮೀಟರ್ ಇಳಿಸಲು ಸ್ಯಾಡಲ್‌ನಿಂದ ಒಂದು ಮಿಲಿಮೀಟರ್ ತೆಗೆಯಬೇಕು. ತಳದಿಂದಲೇ ತೆಗೆಯಿರಿ, ಪ್ರತಿ ಸಲವೂ ಪೆನ್ಸಿಲ್ ಗೆರೆಯ ಪರೀಕ್ಷೆ ಮಾಡಿ. ಒಂದು ದಿನ ಪೂರ್ಣ ಶ್ರುತಿಯಲ್ಲಿಟ್ಟು ಬಾಗು ಮತ್ತು ಎತ್ತರವನ್ನು ಮತ್ತೊಮ್ಮೆ ಅಳೆದು, ಆರೂ ತಂತಿಗಳನ್ನು ಆಂಪ್ಲಿಫೈಯರಿನಲ್ಲಿ ಒಂದೊಂದಾಗಿ ಕೇಳಿ. ದಿನಾಂಕ, ತೇವಾಂಶ, ಬಾಗು, ಎರಡು ತಂತಿಗಳ ಎತ್ತರ ಇಷ್ಟನ್ನು ಚೀಟಿಯಲ್ಲಿ ಬರೆದು ಗಿಟಾರಿನ ಪೆಟ್ಟಿಗೆಯಲ್ಲಿಡಿ. ಮುಂದಿನ ಮಳೆಗಾಲದಲ್ಲಿ ತಂತಿ ಮೇಲೇರಿದಾಗ ಎಷ್ಟು ಏರಿತು ಎಂದು ಹೋಲಿಸಲು ಬೇಕಾಗುತ್ತದೆ.